ಎರಡು ಪ್ಲಾನ್ ಯಾಕೆ ಸ್ವಾಮಿ?

ಮೈಸೂರಿನ ದಟ್ಟಗಳ್ಳಿ ಕಡೆ ಒಂದು 30×40 ಅಡಿ ಸೈಟು. ಪಾಯ ತೆಗೀತಾ ಇದ್ದಾರೆ. ಮೇಸ್ತ್ರಿ ಕೈಯಲ್ಲಿ ಎರಡು ಡ್ರಾಯಿಂಗ್: ಒಂದು "ಸ್ಯಾಂಕ್ಷನ್‌ಗೆ" (ಅನುಮೋದನೆಗೆ ಕೊಡೋದು), ಇನ್ನೊಂದು "ಕಟ್ಟೋಕೆ". ಎರಡಕ್ಕೂ ವ್ಯತ್ಯಾಸ ಏನು ಅಂದರೆ ಮನೆ ಯಜಮಾನರಿಗೇ ಗೊತ್ತಿಲ್ಲ! ಇವತ್ತು ಬೆಳಿಗ್ಗೆಯಿಂದ ಅದೇ ತಲೆಯಲ್ಲಿ ಕೊರೀತಾ ಇದೆ. ನೇರವಾಗಿ ಲೆಕ್ಕಕ್ಕೇ ಬರ್ತೀನಿ.

ಒಂದು ಸೈಟಿನಲ್ಲಿ ಒಟ್ಟು ಎಷ್ಟು ಕಟ್ಟಬಹುದು ಅನ್ನೋದಕ್ಕೆ ಒಂದು ಮಿತಿ ಇದೆ, ಅದೇ ಎಫ್‌ಎಆರ್ (ಫ್ಲೋರ್ ಏರಿಯಾ ರೇಶಿಯೋ). ಎಫ್‌ಎಆರ್ ಅಂದರೆ ಎಷ್ಟು ಮಹಡಿ ಅನ್ನೋದಲ್ಲ. ಎಲ್ಲ ಮಹಡಿಗಳ ವಿಸ್ತೀರ್ಣ ಕೂಡಿಸಿ, ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರೋದು. ನಿಮಗೆ ಎಷ್ಟು ಸಿಗುತ್ತೆ ಅನ್ನೋದು ಸೈಟಿನ ಅಳತೆ, ಮುಂದಿನ ರಸ್ತೆಯ ಅಗಲ ಎರಡನ್ನೂ ನೋಡಿ ತೀರ್ಮಾನ ಆಗುತ್ತೆ. ನಿಮ್ಮ ಊರಿನ ಮಾಸ್ಟರ್ ಪ್ಲಾನಿನ ವಲಯ ನಿಯಮಾವಳಿಯಲ್ಲಿ ಕೋಷ್ಟಕ ಇದೆ, ನಿಮ್ಮ ಸಾಲನ್ನು ನೀವೇ ಕಣ್ಣಾರೆ ನೋಡಿ. ಇಲ್ಲಿ ಲೆಕ್ಕಕ್ಕೋಸ್ಕರ 1.75 ಅಂತ ಹಿಡಿಯೋಣ. 1200 × 1.75 = 2100 ಚದರಡಿ. ಮೇಸ್ತ್ರಿಗಳ ಮಾತಲ್ಲಿ 21 ಚದರ.

ಈಗ ನಾಲ್ಕೂ ಕಡೆ ಒಂದೊಂದು ಮೀಟರ್ ಸೆಟ್‌ಬ್ಯಾಕ್ (ಸೈಟಿನ ಗಡಿಗೂ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗ) ಬಿಟ್ಟಿರಿ ಅಂದುಕೊಳ್ಳಿ. ಉಳಿಯೋದು 23.44 × 33.44 ಅಡಿ, ಅಂದರೆ 784 ಚದರಡಿ. ಎರಡು ಮಹಡಿಗೆ 1568. ಮೂರನೆಯದಕ್ಕೆ ಮಿಕ್ಕಿದ್ದು 532 ಮಾತ್ರ. ಮೂರನ್ನೂ ತುಂಬಾ ಕಟ್ಟಿದರೆ 2352, ಅಲ್ಲಿಗೆ 252 ಚದರಡಿ ಮಿತಿ ಮೀರಿತು. ಆ "ಕಟ್ಟೋಕೆ" ಅನ್ನೋ ಡ್ರಾಯಿಂಗಿನಲ್ಲಿ ಅಡಗಿರೋದು ಈ 252.

ಅಷ್ಟೇ ಆದರೂ ಪರವಾಗಿಲ್ಲ ಅನ್ನಬಹುದಿತ್ತು. ಮೊದಲ ಮಹಡಿಯಿಂದ ಮೇಲಕ್ಕೆ ಮುಂದುಗಡೆ ಮೂರಡಿ ಚಾಚಿ ರೂಮು ದೊಡ್ಡದು ಮಾಡ್ತಾರೆ. ಒಂದು ಮಹಡಿಗೆ 70 ಚದರಡಿ, ಎರಡಕ್ಕೆ 140. ಇದು ಎಫ್‌ಎಆರ್ ತಪ್ಪೂ ಹೌದು, ಸೆಟ್‌ಬ್ಯಾಕ್ ತಪ್ಪೂ ಹೌದು. ಇದೂ ಎರಡನೇ ಡ್ರಾಯಿಂಗಿನಲ್ಲೇ ಇರುತ್ತೆ.

ಗೊತ್ತಿಲ್ಲದೆ ಆಗೋ ತಪ್ಪುಗಳೂ ಇವೆ. ವಿಸ್ತೀರ್ಣವನ್ನು ಗೋಡೆಯ ಹೊರಮೈಯಿಂದ ಹೊರಮೈಗೆ ಅಳೀಬೇಕು. ಒಳಗಿನ ಅಳತೆ ಹಿಡಿದರೆ, ಒಂಬತ್ತಿಂಚಿನ ಹೊರಗೋಡೆ ಇರೋ ಇದೇ ಮನೆಯಲ್ಲಿ ಮಹಡಿಗೆ 83 ಚದರಡಿ ಲೆಕ್ಕದಿಂದ ತಪ್ಪಿಹೋಗುತ್ತೆ. ಮೆಟ್ಟಿಲು ಲೆಕ್ಕಕ್ಕೆ ಬರುತ್ತೆ, ತಾರಸಿ ಮೇಲಿನ ಮೆಟ್ಟಿಲ ಕೋಣೆ, ನೀರಿನ ಟ್ಯಾಂಕು ಬರೋದಿಲ್ಲ. ಕಾರು ನಿಲ್ಲಿಸೋ ಜಾಗವೂ ಬರೋದಿಲ್ಲ, ಅದಕ್ಕೆ ಶಟರ್ ಹಾಕಿ ಅಂಗಡಿ ಮಾಡಿದ ದಿನದಿಂದ ಬರುತ್ತೆ. ರಸ್ತೆ ಅಗಲ ಅಂದರೆ ಡಾಂಬರಿನ ಅಗಲ ಅಲ್ಲ. ಚರಂಡಿಯೂ ಸೇರಿ ಈ ಕಡೆ ಸೈಟಿನ ಗಡಿಯಿಂದ ಎದುರು ಸೈಟಿನ ಗಡಿವರೆಗೆ. ಮೂವತ್ತಡಿ ರಸ್ತೆ 9.14 ಮೀಟರ್. ಅಳೆದಾಗ ಇಪ್ಪತ್ತೊಂಬತ್ತೇ ಸಿಕ್ಕರೆ 8.84. ಕೋಷ್ಟಕದ ಸಾಲು 9 ಮೀಟರಿಗೆ ಬದಲಾಗೋದಾದರೆ ಆ ಒಂದಡಿಯೇ ನಿಮ್ಮನ್ನು ಕೆಳಗಿನ ಸಾಲಿಗೆ ತಳ್ಳುತ್ತೆ. ಸೈಟೂ ಹಾಗೆಯೇ. ಪತ್ರದಲ್ಲಿ 30×40 ಇದ್ದು ಸ್ಥಳದಲ್ಲಿ 29×39.5 ಇದ್ದರೆ, ಕಡಿಮೆ ಇರೋದನ್ನೇ ಹಿಡೀಬೇಕು. 2100 ಹೋಗಿ 2004 ಆಯಿತು. ಸುಮಾರು ಒಂದು ಚದರ ಹೋಯಿತು.

"ಎಲ್ಲರೂ ಹೀಗೇ ಕಟ್ಟೋದು, ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ" ಅಂತೀರ? ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡೋ ಆ ಸರ್ಕಾರಿ ಯೋಜನೆ ಇದ್ದದ್ದೇ 2013ರ ಅಕ್ಟೋಬರ್ 19ಕ್ಕೆ ಮುಂಚೆ ಕಟ್ಟಿದ್ದಕ್ಕೆ. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಈಗ ಪಾಯ ತೆಗೆಯೋ ಮನೆಗೆ ಅದನ್ನು ನಂಬಿಸೋದು ಮೋಸ. ಹೌದು, ಮೋಸ ಅಂತಲೇ ಬರೀತಿದ್ದೀನಿ. ಯಾಕೆಂದರೆ ಅರ್ಜಿಗೆ ಸಹಿ ಹಾಕೋರು ಯಜಮಾನರು. ನಾಳೆ ನೋಟಿಸ್ ಬರೋದು ಅವರ ಹೆಸರಿಗೆ. ಮನೆ ಮಾರೋಕೆ ಹೋದಾಗ ಕೊಳ್ಳೋರ ಬ್ಯಾಂಕಿನವರು ಅನುಮೋದಿತ ನಕ್ಷೆ ಹಿಡಿದು ಬಂದು ಅಳೀತಾರೆ. ಡ್ರಾಯಿಂಗ್ ಬರೆದವರು ಆಗ ಎಲ್ಲಿರ್ತಾರೆ?

ದಯವಿಟ್ಟು ಇಷ್ಟು ಮಾಡಿ. ಡ್ರಾಯಿಂಗಿನ ಮೂಲೆಯಲ್ಲಿ ಏರಿಯಾ ಸ್ಟೇಟ್‌ಮೆಂಟ್ ಇರುತ್ತೆ. ಮಹಡಿವಾರು ಅಂಕಿಗಳನ್ನು ಕೂಡಿಸಿ, ಸೈಟಿನಿಂದ ನೀವೇ ಭಾಗಿಸಿ ನೋಡಿ. ಆಮೇಲೆ ಮಾರ್ಕಿಂಗ್ ದಿನ, ಸುಣ್ಣ ಹಾಕಿದ ಮೇಲೆ, ಗುಂಡಿ ತೆಗೆಯೋಕೆ ಮುಂಚೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆಯಿರಿ. ಅಳತೆ ಸ್ಯಾಂಕ್ಷನ್ ಪ್ಲಾನಿಗೆ ಹೊಂದದಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ. ಆಗ ಹೋಗೋದು ಒಂದು ದಿನದ ಕೂಲಿ ಮಾತ್ರ.