ಸಾವಕಾಶ ಊಟ ಮಾಡಿ

ತೂಕ ಇಳಿಸುವ ಆಪರೇಷನ್ ಸುಲಭ. ಮಂಗಳೂರಿನ ಆಸ್ಪತ್ರೆಯಲ್ಲಿ, ನಾನು ಗಾಢ ನಿದ್ದೆಯಲ್ಲಿದ್ದಾಗ, ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಮಾಡಿ ಅವರೇ ಮುಗಿಸಿಬಿಟ್ಟರು. ಫಜೀತಿ ಶುರುವಾದದ್ದು ತಲಪಾಡಿ ಗಡಿ ದಾಟಿ ಊರಿಗೆ ಬಂದ ಮೇಲೆ. ನಮ್ಮ ಕಾಸರಗೋಡು ಕಡೆ ಒಬ್ಬ ಎಷ್ಟು ಉಣ್ಣಬೇಕು ಅಂತ ತೀರ್ಮಾನ ಮಾಡುವ ಹಕ್ಕು ಅವನ ಹೊಟ್ಟೆಗೆ ಇಲ್ಲ, ಬಡಿಸುವವನ ಸೌಟಿಗೆ ಇದೆ.

ನನಗೆ ಆದದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರವನ್ನು ಉದ್ದಕ್ಕೆ ಕತ್ತರಿಸಿ ಶೇಕಡಾ 75ರಿಂದ 80ರಷ್ಟು ಭಾಗವನ್ನು ಹೊರಗೆ ತೆಗೆಯುತ್ತಾರೆ, ಉಳಿದದ್ದಕ್ಕೆ ಸಾಲಾಗಿ ಪಿನ್ನು ಹೊಡೆಯುತ್ತಾರೆ. ಕೊನೆಗೆ ಸಿಗುವುದು ಒಂದು ಸಪೂರ ಕೊಳವೆ. ಶುರುವಿಗೆ 100ರಿಂದ 150 ಮಿಲಿ ಹಿಡಿದರೆ ಅದೇ ಜಾಸ್ತಿ. ಡಾಕ್ಟ್ರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು, "ಒಂದು ಬಾಳೆಹಣ್ಣಿನ ಹಾಗೆ ಇರುತ್ತದೆ" ಅಂದರು. ಪಕ್ಕದಲ್ಲಿದ್ದ ಅಮ್ಮ ಬಿಡಬೇಕಲ್ಲ. "ಯಾವ ಬಾಳೆಹಣ್ಣು ಡಾಕ್ಟ್ರೇ, ನೇಂದ್ರವಾ, ಕದಳಿಯಾ?" ಪ್ರಶ್ನೆ ಸರಿಯಾಗಿಯೇ ಇತ್ತು. ನೇಂದ್ರಕ್ಕೂ ಕದಳಿಗೂ ಮಧ್ಯೆ ಒಂದು ಹೊತ್ತಿನ ಊಟದಷ್ಟು ವ್ಯತ್ಯಾಸ ಇದೆ. ಡಾಕ್ಟ್ರು ಪೆನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿ, "ಮೈಸೂರು ಬಾಳೆ ಅಂತ ಇಟ್ಟುಕೊಳ್ಳಿ ಅಮ್ಮಾ" ಎಂದು ರಾಜಿ ಮಾಡಿಕೊಂಡರು.

ಕತ್ತರಿಸಿ ತೆಗೆದ ಭಾಗದಲ್ಲೇ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದಂತೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವು ಅನ್ನುವುದೇ ಇರಲಿಲ್ಲ. ಆದರೆ ಮೂಗನ್ನು ಯಾರೂ ಕತ್ತರಿಸಿರಲಿಲ್ಲವಲ್ಲ! ಪಕ್ಕದ ಮನೆಯಲ್ಲಿ ಹಲಸಿನಕಾಯಿ ಹಪ್ಪಳ ಕರಿದರೆ ನಾನು ಅಂಗಳದ ತುದಿಯವರೆಗೆ ಹೋಗಿ, ಸುಮ್ನೆ ನಿಂತು, ವಾಪಸು ಬರುತ್ತಿದ್ದೆ.

ಊಟಕ್ಕೊಂದು ಮೆಟ್ಟಿಲಿದೆ. ಮೊದಲು ತಿಳಿನೀರಿನಂಥದ್ದು, ಆಮೇಲೆ ಗಟ್ಟಿ ದ್ರವ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು, ಕಡೆಗೆ ಮನುಷ್ಯರ ಊಟ. ನಾನು ಅರೆದದ್ದಕ್ಕೆ ಬಡ್ತಿ ಪಡೆಯುವ ಹೊತ್ತಿಗೆ ಸರಿಯಾಗಿ ತಂಗಿಯ ಮಗಳಿಗೆ ಅನ್ನಪ್ರಾಶನ ಆಗಿತ್ತು, ಅವಳೂ ಅಮ್ಮನೊಟ್ಟಿಗೆ ನಮ್ಮಲ್ಲೇ ಇದ್ದಳು. ಮನೆಯಲ್ಲಿ ಒಂದೇ ಮಿಕ್ಸಿ, ಇಬ್ಬರು ಗಿರಾಕಿಗಳು. ನನಗೂ ಅವಳದ್ದೇ ಅಳತೆಯ ಬೆಳ್ಳಿ ಬಟ್ಟಲು, ಅಷ್ಟೇ ಪುಟ್ಟ ಚಮಚ. ಅವಳಿಗೆ ತುಪ್ಪ ಬೆರೆಸಿದ ರಾಗಿ ಮಣ್ಣಿ, ನನಗೆ ಉಪ್ಪು ಕಮ್ಮಿ ಹಾಕಿದ ಹೆಸರುಬೇಳೆ. ಅವಳು ಒಂದು ಚಮಚ ನುಂಗಿದರೆ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಾನು ನುಂಗಿದರೆ "ಜಾಸ್ತಿ ಆಯಿತಾ?" ಅಂತ ಹೆಂಡತಿ ಮುಖ ನೋಡುತ್ತಿದ್ದಳು. ಒಂದು ದಿನ ನನ್ನ ಹೆಸರುಬೇಳೆ ಅವಳ ಬಾಯಿಗೂ ಅವಳ ಮಣ್ಣಿ ನನ್ನ ಬಾಯಿಗೂ ಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಅವಳು ಮುಖ ಸಿಂಡರಿಸಿ ಅಷ್ಟನ್ನೂ ನನ್ನ ಅಂಗಿಗೆ ಉಗಿದಳು. ಆ ಅಡುಗೆಯ ಬಗ್ಗೆ ನಾನು ಹೇಳಲಾಗದೆ ಇಟ್ಟುಕೊಂಡಿದ್ದನ್ನು ಅವಳು ಒಂದೇ ಉಗುಳಿಗೆ ಹೇಳಿದಳು. ಕೆಲವೇ ವಾರದಲ್ಲಿ ಅವಳು ದೋಸೆ ಚೂರಿಗೆ ದಾಟಿದಳು. ನಾನಿನ್ನೂ ಬಟ್ಟಲಲ್ಲೇ ಇದ್ದೆ.

ದಿನಕ್ಕೆ 60 ಗ್ರಾಂ ಆದರೂ ಪ್ರೊಟೀನ್ ಹೋಗಬೇಕು, ತಟ್ಟೆಯಲ್ಲಿ ಮೊದಲು ಅದನ್ನೇ ತಿನ್ನಬೇಕು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವನಿಗೆ "ಜಾಗ ಉಳಿದರೆ ಅನ್ನ" ಅಂತ ಹೇಳಲು ಆ ಡಯಟೀಶಿಯನ್ ಮೇಡಂಗೆ ಹೇಗೆ ಮನಸ್ಸು ಬಂತೋ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವಮಾನ ಪೂರ್ತಿ. ನಡುವೆ ಕೂದಲೂ ಉದುರಿತು, ಅದು ಬಿಡಿ, ಮೊದಲೇ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ನೀರಿನದ್ದು ಬೇರೆಯೇ ಪುರಾಣ. ದಿನಕ್ಕೆ ಒಂದೂವರೆ ಎರಡು ಲೀಟರ್ ಕುಡಿಯಲೇಬೇಕು, ಆದರೆ ಗುಟುಕು ಗುಟುಕಾಗಿ. ಗಟಗಟ ಅಂತ ಎತ್ತುವ ಹಾಗಿಲ್ಲ, ಸ್ಟ್ರಾ ಹಾಕುವ ಹಾಗಿಲ್ಲ, ಸೋಡಾ ಮುಟ್ಟುವ ಹಾಗಿಲ್ಲ. ಊಟದ ಜೊತೆ ನೀರಿಲ್ಲ, ಊಟ ಆಗಿ ಅರ್ಧ ಗಂಟೆಯವರೆಗೂ ಇಲ್ಲ. ಹಾಗಾದರೆ ಊಟದ ಮೊದಲಿನ ಆಪೋಶನ, ಕಡೆಯ ಉತ್ತರಾಪೋಶನದ ಗತಿ ಏನು ಅಂತ ನಾನು ಮೇಡಂಗೆ ಕೇಳಿದೆ. ಅಂಗೈಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ ತೋರಿಸಲು ಹೇಳಿದರು. ತೋರಿಸಿದೆ. ಅವರು ಗಂಭೀರವಾಗಿ ನೋಡಿ, "ಅಷ್ಟು ಪರವಾಗಿಲ್ಲ" ಎಂದು ಚಾರ್ಟಿನ ಅಂಚಲ್ಲಿ ಬರೆದುಕೊಟ್ಟರು.

ಈ ಗುಟುಕಿನ ನೆನಪಿಗೆ ಮೊಬೈಲಲ್ಲಿ ಅಲಾರಂ ಇಟ್ಟೆ. ಮಗ ಅದಕ್ಕೆ ಹುಂಜ ಕೂಗುವ ದನಿ ಹಾಕಿಕೊಟ್ಟ. ಹಾಗೆ ಕುಂಬಳೆಯ ಕಡೆ ಒಂದು ತಾಳಮದ್ದಳೆಗೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿದ್ದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಕೇಳುಗರೂ ಸಾಮಾನ್ಯದವರಲ್ಲ, ಒಂದು ಪದ ತಪ್ಪಿದರೂ ಗೊತ್ತಾಗುವವರು. ಸಂಧಾನಕ್ಕೆ ಬಂದ ಕೃಷ್ಣ, ಎದುರಿಗೆ ಕೌರವ, ಮಾತು ಕಾವೇರಿದೆ, ಸಭೆ ಉಸಿರು ಬಿಗಿಹಿಡಿದಿದೆ, ಆಗ ನನ್ನ ಜೇಬಿನಿಂದ "ಕೊಕ್ಕೋಕ್ಕೋ". ನಾನು ಕೈ ಹಾಕಿ ಒತ್ತುವಷ್ಟರಲ್ಲಿ ಕೌರವನ ಅರ್ಥಧಾರಿ ಬಿಡಲೇ ಇಲ್ಲ. "ಏನು ಕೃಷ್ಣಾ, ನಿನ್ನ ಪಾಂಚಜನ್ಯದ ದನಿ ಹೀಗಾಗಿದೆ? ಪಾಂಡವರು ನಿನಗೆ ಊಟ ಹಾಕುತ್ತಿಲ್ಲವೋ?" ಕೃಷ್ಣ ಕ್ಷಣ ಕೂಡ ತಡೆಯದೆ, "ವಿದುರನ ಮನೆಯ ಒಂದು ಕುಡಿತೆ ಹಾಲಿಗೇ ತೃಪ್ತನಾದ ಹೊಟ್ಟೆ ಇದು ಕೌರವಾ, ನಿನ್ನ ಅರಮನೆಯ ಊಟ ಇದಕ್ಕೆ ಹಿಡಿಸುವುದಿಲ್ಲ" ಅಂದ. ಚಪ್ಪಾಳೆಯೋ ಚಪ್ಪಾಳೆ. ನಾನು ಬಾಟಲಿ ತೆಗೆದು ಒಂದು ಗುಟುಕು ಕುಡಿದೆ. ಅಷ್ಟೂ ಜನ ತಿರುಗಿ ನೋಡಿದರು.

ಇದೆಲ್ಲ ಸಣ್ಣದು. ದೊಡ್ಡದು ಜೆಂಬರ, ಮದುವೆ ಮುಂಜಿಯಂಥ ಸಮಾರಂಭ.

ಆಪರೇಷನ್‌ಗೆ ಮೊದಲು ಜೆಂಬರದ ಊಟದಲ್ಲಿ ನನಗೊಂದು ಹೆಸರಿತ್ತು. ನಾನು ಕೂತ ಸಾಲಿಗೆ ಹೋಳಿಗೆಯ ಹರಿವಾಣ ತಾನಾಗಿಯೇ ಎರಡನೇ ಸಲ ಬರುತ್ತಿತ್ತು. ಅಂಥವನು ನೀರ್ಚಾಲಿನ ಹತ್ತಿರದ ಒಂದು ಉಪನಯನದಲ್ಲಿ ಬಾಳೆಲೆ ಮುಂದೆ ಕೂತು "ಒಂದು ಸೌಟು ತೊವ್ವೆ ಸಾಕು" ಅಂದರೆ ಯಾರು ನಂಬುತ್ತಾರೆ? ಬಡಿಸುತ್ತಿದ್ದ ಹುಡುಗ ಸೌಟು ಅರ್ಧಕ್ಕೇ ನಿಲ್ಲಿಸಿ, "ಎಂತ ಭಾವ, ಸಿಟ್ಟಾ?" ಅಂದ. ನಾನು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಜಗಿಯಬೇಕು. ಸಾರು ಬಂದಾಗ ನಾನು ತೊವ್ವೆಯಲ್ಲಿ, ಮೇಲಾರ ಬಂದಾಗಲೂ ತೊವ್ವೆಯಲ್ಲಿ. ಒಬ್ಬರು ದೇವರ ಸ್ತುತಿಯ ಚೂರ್ಣಿಕೆ ಹೇಳಿದರು, ಇಡೀ ಪಂಕ್ತಿ "ಹರಹರ ಮಹಾದೇವ" ಅಂತ ಕೂಗಿತು, ನನ್ನ ಬಾಯಲ್ಲಿ ಇನ್ನೂ ಅದೇ ತುತ್ತು. ಅಷ್ಟರಲ್ಲಿ ಮನೆಯ ಯಜಮಾನರು ಕೈಮುಗಿದುಕೊಂಡು ಸಾಲಿನುದ್ದಕ್ಕೂ ಬಂದರು. "ಸಾವಕಾಶ ಊಟ ಮಾಡಿ, ಸಾವಕಾಶ ಊಟ ಮಾಡಿ." ಆ ಚಪ್ಪರದಲ್ಲಿ ಅವರ ಮಾತನ್ನು ನಿಜವಾಗಿ ಪಾಲಿಸುತ್ತಿದ್ದವನು ನಾನೊಬ್ಬನೇ, ನನ್ನನ್ನೇ ಅವರು ಅನುಮಾನದಿಂದ ನೋಡಿದರು.

ಪಾಯಸ ಬಂದಾಗ ಎರಡೂ ಕೈ ಎಲೆಗೆ ಅಡ್ಡ ಹಿಡಿದೆ. ನಮ್ಮ ಕಡೆ ಕೈ ಅಡ್ಡ ಹಿಡಿಯುವುದೆಂದರೆ ಇನ್ನೂ ಸ್ವಲ್ಪ ಒತ್ತಾಯ ಮಾಡಿ ಅಂತಲೇ ಲೆಕ್ಕ. ಅವನು ಬೆರಳ ಸಂದಿಯಲ್ಲೇ ಸುರಿದ. ಬಿಸಿ ಬೆಲ್ಲದ ಪಾಯಸ ಉಗುರಿನ ಸಂದಿಯಿಂದ ಇಳಿದು ಎಲೆ ತುಂಬಿತು, ಎಲೆಯಲ್ಲಿ ಬಿಡುವಂತಿಲ್ಲ, ಎರಡೂ ಪಕ್ಕದ ಮಾವಂದಿರು ನನ್ನ ಎಲೆಯನ್ನೇ ನೋಡುತ್ತಿದ್ದಾರೆ. ನಾಲ್ಕು ಸಲ ಬಾಯಿಗಿಟ್ಟೆ. ಸಿಹಿ ಈ ಹೊಸ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸೀದಾ ಸಣ್ಣ ಕರುಳಿಗೆ ಜಾರುತ್ತದೆ, ಅಲ್ಲಿ ಮೈಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಡಂಪಿಂಗ್ ಅನ್ನುತ್ತಾರೆ. ಕೈ ತೊಳೆದು ಜಗಲಿಗೆ ಬರುವಷ್ಟರಲ್ಲಿ ಬೆವರು, ಎದೆ ಡವಡವ, ಕಣ್ಣು ಮಂಜು. ಬೆಂಚಲ್ಲಿ ಉದ್ದಕ್ಕೆ ಮಲಗಿದೆ. ಕೂಡಲೇ ಸಭೆ ಸೇರಿತು. ಒಬ್ಬರು ಹಾರ್ಟು ಅಂದರು, ಒಬ್ಬರು ಗ್ಯಾಸು ಅಂದರು, ಒಬ್ಬರು ಮಂಗಳೂರಿಗೆ ಅಂತ ಜೀಪು ತಿರುಗಿಸಿಯೇ ಬಿಟ್ಟರು. ಗ್ಯಾಸು ಅಂದವರು ಎಲ್ಲಿಂದಲೋ ಲಿಂಬೆ ಸೋಡಾ ತಂದರು. ನಾನು ಮಲಗಿದಲ್ಲಿಂದಲೇ ಬೇಡ ಅಂತ ತಲೆ ಆಡಿಸಿದೆ. ಸ್ವಲ್ಪ ಹೊತ್ತು ಕಾದು ಅವರೇ ಕುಡಿದು ದೊಡ್ಡದಾಗಿ ತೇಗಿದರು, ಆಗ ಎಲ್ಲರಿಗೂ ನನಗೇ ಗುಣವಾದಷ್ಟು ಸಮಾಧಾನವಾಯಿತು.

ಈ ಹೊಟ್ಟೆ ತುಂಬಿದ್ದು ಗೊತ್ತಾಗುವ ರೀತಿಯೂ ವಿಚಿತ್ರ. ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ. ನನಗೆ ಸೀನು ಬರುತ್ತದೆ. ಸರಿಯಾಗಿ ಒಂದು. ಮನೆಯಲ್ಲಿ ಇದರಿಂದ ಉಪಕಾರವೇ ಆಗಿದೆ, ನಾನು ಸೀನಿದರೆ ಹೆಂಡತಿ ಪಾತ್ರೆ ಮುಚ್ಚುತ್ತಾಳೆ. ಆದರೆ ಪೆರ್ಲದ ಕಡೆ ಸೋದರತ್ತೆಯ ಮೊಮ್ಮಗಳ ನಿಶ್ಚಿತಾರ್ಥದಲ್ಲಿ, ಭಟ್ಟಮಾವ ಲಗ್ನಪತ್ರಿಕೆ ಬಿಚ್ಚಿ ಮುಹೂರ್ತ ಓದುವ ಹೊತ್ತಿಗೆ, ಹಿಂದೆ ಕೂತು ಅವಲಕ್ಕಿ ಜಗಿಯುತ್ತಿದ್ದ ನನ್ನ ಹೊಟ್ಟೆ ತುಂಬಿತು.

ಒಂಟಿ ಸೀನು!

ಭಟ್ಟಮಾವ ಕನ್ನಡಕ ತೆಗೆದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಶಕುನ ಅಲ್ಲ, ಆಪರೇಷನ್ ಅಂತ ನಾನು ವಿವರಿಸಲು ಹೋದೆ, ಕೇಳುವವರಿಲ್ಲ. ಸೋದರತ್ತೆ ಮಾತ್ರ ಗಡಿಬಿಡಿಯಿಲ್ಲದೆ ಅವಲಕ್ಕಿಯ ಪಾತ್ರೆ ಹಿಡಿದು ಬಂದರು. "ಹೊಟ್ಟೆ ತುಂಬಿದ್ದಕ್ಕೆ ಸೀನು ಬರುವುದಾದರೆ ಇನ್ನೊಂದು ಚಮಚ ತಿನ್ನು ಮಾಣಿ, ಜೋಡಿ ಆಗಲಿ." ತಿಂದರೆ ಸೀನಲ್ಲ, ತಿಂದದ್ದೇ ಬರುತ್ತದೆ ಅತ್ತೆ ಅಂತ ಕಿವಿಯಲ್ಲಿ ಹೇಳಿದೆ. ಆಗ ಮೂಲೆಯಲ್ಲಿದ್ದ ಅಜ್ಜನೊಬ್ಬರು ಸೊಂಟದಿಂದ ನಶ್ಯದ ಡಬ್ಬಿ ತೆಗೆದು, ನನ್ನ ತಲೆ ಹಿಡಿದು, ಒಂದು ಚಿಟಿಕೆ ಏರಿಸಿಯೇ ಬಿಟ್ಟರು.

ಆಮೇಲೆ ಬಂದ ಸೀನುಗಳ ಲೆಕ್ಕ ಸರಿಸಂಖ್ಯೆಯೋ ಬೆಸವೋ ಎನ್ನುವುದರಲ್ಲಿ ಎರಡೂ ಕಡೆಯವರಿಗೆ ಇವತ್ತಿಗೂ ಒಮ್ಮತ ಇಲ್ಲ. ಭಟ್ಟಮಾವ ಸರಿಸಂಖ್ಯೆ ಅಂತ ತೀರ್ಪು ಕೊಟ್ಟು ಮುಂದೆ ಓದಿದರು. ಮದುವೆ ಅದೇ ಮುಹೂರ್ತದಲ್ಲಿ ಆಯಿತು. ನಾನು ಸಾಲಲ್ಲಿ ಕೂತರೆ ಎಲ್ಲರಿಗೂ ತೊಂದರೆ ಅಂತ ಸೋದರತ್ತೆ ನನ್ನ ಸೊಂಟಕ್ಕೊಂದು ಬೈರಾಸು ಕಟ್ಟಿ, ಕೈಗೆ ಪಾಯಸದ ಬಕೆಟು ಕೊಟ್ಟು ಬಡಿಸಲು ಕಳಿಸಿದರು. ಮೊದಲ ಸಾಲಿನಲ್ಲೇ ಆ ಸೋಡಾದವರು ಸಿಕ್ಕಿದರು. "ಶುಗರ್ ಉಂಟು ಮಾರಾಯಾ, ಬೇಡ" ಅಂತ ಎರಡೂ ಕೈ ಅಡ್ಡ ಹಿಡಿದರು. ಬೆರಳ ಸಂದಿ ನೋಡಿ ಸುರಿದೆ.