ಭಾವನ ಕೇಳಿ ಹೇಳ್ತೀನಿ ಸಾರ್

ಇವತ್ತು ಬೆಳಗಿನ ಜಾವ ಮೂರೂಕಾಲಿಗೆ ನನ್ನ ಎಡಗಿವಿಯೊಳಗೆ ಒಂದು ಹನಿ ಬಿತ್ತು. ಕೆನ್ನೆಯ ಮೇಲಲ್ಲ, ದಿಂಬಿನ ಮೇಲಲ್ಲ. ನೇರ ಕಿವಿಯ ತೂತಿಗೆ. ಕಿವಿನೋವಿಗೆ ಔಷಧಿ ಬಿಡುವ ಡಾಕ್ಟರಿಗೂ ಇಷ್ಟು ಗುರಿ ಇರುವುದಿಲ್ಲ. ಎದ್ದು ಲೈಟ್ ಹಾಕಿದರೆ ಕರೆಂಟಿಲ್ಲ. ಮೊಬೈಲ್ ಬೆಳಕು ಬಿಟ್ಟು ಮೇಲೆ ನೋಡಿದೆ. ಹಂಚು ಹೊತ್ತ ಮರದ ಪಟ್ಟಿಯ, ಅಂದರೆ ರೀಪಿನ, ಅಂಚಿನಲ್ಲಿ ಎರಡನೆಯ ಹನಿ ಆಗಲೇ ದಪ್ಪಗಾಗಿ ತೂಗುತ್ತಿತ್ತು.

ಸೋರಿದ್ದಕ್ಕೆ ಸಿಟ್ಟಿಲ್ಲ. ಮಲೆನಾಡಿನಲ್ಲಿ ಹಂಚಿನ ಮನೆ ಇಟ್ಟುಕೊಂಡು ಸೋರುತ್ತದೆ ಅಂತ ಅಳುವುದು, ನಾಯಿ ಸಾಕಿ ಬೊಗಳುತ್ತದೆ ಅಂತ ದೂರು ಕೊಟ್ಟ ಹಾಗೆ. ಸಿಟ್ಟು ಯಾಕೆಂದರೆ, ಹದಿನೆಂಟು ದಿನದ ಹಿಂದಷ್ಟೇ ಐದು ಜನ ಬಂದು, ಎರಡು ದಿನ ಇದ್ದು, ಮೂವತ್ತೆಂಟು ಲೋಟ ಚಾ ಕುಡಿದು (ಲೆಕ್ಕ ಅಮ್ಮನದು) ಹಂಚು ಕೈಯಾಡಿಸಿ, ಅಂದರೆ ತೆಗೆದು ಮತ್ತೆ ಜೋಡಿಸಿ, ಹೋಗಿದ್ದಾರೆ. ಹೋಗುವಾಗ ಮೇಸ್ತ್ರಿ, "ಇನ್ನು ಮೂರು ವರ್ಷ ಮೇಲೆ ನೋಡೋದೇ ಬೇಡ ಸಾರ್" ಅಂದಿದ್ದ. ನಾನೇನೂ ಬೇಕು ಅಂತ ನೋಡಲಿಲ್ಲ. ಅಂಗಾತ ಮಲಗಿದವನು ಇನ್ನೆಲ್ಲಿ ನೋಡಬೇಕು?

ಈ ಮೇಸ್ತ್ರಿಯನ್ನು ಕರೆಸಿದ ಕತೆಯೇ ಒಂದು ಪುರಾಣ. ಯುಗಾದಿಯಿಂದ ಫೋನ್ ಮಾಡುತ್ತಿದ್ದೆ. ಅವನದು ಒಂದೇ ಉತ್ತರ. "ಬರೋದೇ ಸಾರ್. ಭಾವನ ಕೇಳಿ ಹೇಳ್ತೀನಿ." ಮೊದಲ ಸಲ ಕೇಳಿದಾಗ ಖುಷಿಯಾಯಿತು. ಈ ಕಾಲದಲ್ಲೂ ಭಾವನನ್ನು ಕೇಳಿ ಕೆಲಸ ಒಪ್ಪಿಕೊಳ್ಳುವ ಮನುಷ್ಯ ಇದ್ದಾನಲ್ಲ ಅಂದುಕೊಂಡೆ. ನಾನಂತೂ ನನ್ನ ಭಾವನನ್ನು ಏನೂ ಕೇಳುವುದಿಲ್ಲ. ಕೇಳದೆಯೇ ಅವರು ಹೇಳುತ್ತಾರೆ.

ಒಂದು ವಾರ ಬಿಟ್ಟು ಮಾಡಿದೆ. "ಭಾವ ಕೊಪ್ಪಕ್ಕೆ ಹೋಗಿದಾನೆ ಸಾರ್." ಮತ್ತೊಂದು ವಾರಕ್ಕೆ, "ಭಾವಂಗೆ ಜ್ವರ." ಆಮೇಲೆ, "ಭಾವನ ಮಗಳ ಮದುವೆ ಸಾರ್, ನಾಳೆ." ಸರಿ, ಮದುವೆ ಮುಗಿಯಲಿ ಅಂತ ಎರಡು ದಿನ ಬಿಟ್ಟು ಮಾಡಿದರೆ, "ಭಾವನ ಹೆಂಡ್ತಿಗೆ ಹೆರಿಗೆ ಆಯ್ತು ಸಾರ್, ಆಸ್ಪತ್ರೇಲಿದಾನೆ." ಮಗಳ ಮದುವೆ ಮಾಡಿ ಎರಡೇ ದಿನಕ್ಕೆ ಹೆಂಡತಿಯ ಹೆರಿಗೆ! ಯಾರಪ್ಪ ಈ ಸಾಹಸಿ ಅಂತ ನಾನು ಅವತ್ತು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ.

ಕೊನೆಗೆ ತಾಳ್ಮೆ ತಪ್ಪಿತು. "ಭಾವ ಬೇಡ ಮಾರಾಯ. ನೀನೊಬ್ಬನೇ ಬಾ. ಹತ್ತು ಹಂಚು ಸರಿ ಮಾಡಿ ಹೋಗು" ಅಂದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, ಚಿಕ್ಕ ಮಗುವಿಗೆ ತಿಳಿಹೇಳುವ ದನಿಯಲ್ಲಿ, "ಹಂಚಿನ ಕೆಲಸಕ್ಕೆ ಒಬ್ಬ ಹೋಗೋದಿಲ್ಲ ಸಾರ್" ಅಂದ. ಫೋನ್ ಇಟ್ಟ.

ಅಷ್ಟರಲ್ಲಿ ಬೆಂಗಳೂರಿನ ನೆಂಟರು ಉಪದೇಶ ಶುರು ಮಾಡಿದ್ದರು. "ಹಂಚು ತೆಗೆದು ಶೀಟ್ ಹಾಕಿಸಿಬಿಡಿ, ತಲೆನೋವೇ ಇಲ್ಲ." ನಮ್ಮ ಪಕ್ಕದ ಮನೆಯವರು ಹಾಗೇ ಮಾಡಿದರು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮನೆಯಲ್ಲಿ ಗಂಡ ಹೆಂಡತಿ ಕೈಸನ್ನೆಯಲ್ಲಿ ಸಂಸಾರ ಮಾಡುತ್ತಾರೆ. ಸೋರುವುದಿಲ್ಲ ನಿಜ. ಮಾತೂ ಕೇಳಿಸುವುದಿಲ್ಲ. ಕೆಲವರಿಗೆ ಅದೇ ಅನುಕೂಲ ಇರಬಹುದು.

ಅಂತೂ ಕೃತ್ತಿಕೆ ಮಳೆ ಮುಗಿಯುವ ಹೊತ್ತಿಗೆ, ಒಂದು ಗುರುವಾರ, ಹಳೆಯ ಓಮ್ನಿಯಲ್ಲಿ ಐದು ಜನ ಬಂದಿಳಿದರು. ಇಳಿದ ತಕ್ಷಣ ಒಬ್ಬ, "ಭಾವ, ಏಣಿ ಎಲ್ಲಿ?" ಅಂದ. ಇನ್ನೊಬ್ಬ, "ಭಾವನ ಕೇಳು" ಅಂದ. ಮೂರನೆಯವನು, "ನಂಗೊತ್ತಿಲ್ಲ ಭಾವ" ಅಂದ. ನನಗೆ ಆಗ ಹೊಳೆಯಿತು. ಕೊಪ್ಪಕ್ಕೆ ಹೋದ ಭಾವ, ಜ್ವರದ ಭಾವ, ಮದುವೆಯ ಭಾವ, ಹೆರಿಗೆಯ ಭಾವ ಎಲ್ಲ ಬೇರೆ ಬೇರೆ. ಎಲ್ಲರೂ ಎಲ್ಲರಿಗೂ ಭಾವ! ಐದು ಜನ, ಐದು ಊರು, ಮೂರು ಜಾತಿ, ಎರಡು ಧರ್ಮ. "ಮೊದ್ಲು ಇಬ್ರೇ ಸಾರ್ ಭಾವ ಭಾವಮೈದ ಅಂತ ಇದ್ದಿದ್ದು. ಉಳಿದವ್ರು ಕೇಳಿ ಕೇಳಿ ಭಾವ ಆದ್ರು" ಅಂದ ಮೇಸ್ತ್ರಿ. ಆ ಮೊದಲಿನ ಇಬ್ಬರು ಯಾರು ಅಂತ ಕೇಳಿದೆ. ಅವರವರಲ್ಲೇ ಐದು ನಿಮಿಷ ಚರ್ಚೆಯಾಯಿತು. ತೀರ್ಮಾನವಾಗಲಿಲ್ಲ.

ಸೋರುವ ಜಾಗ ತೋರಿಸಲು ನಾನು ಎಲ್ಲರನ್ನೂ ಕೋಣೆಗೆ ಕರೆದುಕೊಂಡು ಹೋದೆ. ಮೇಸ್ತ್ರಿ ನನ್ನ ಬೆರಳನ್ನು ನೋಡಿದನೇ ಹೊರತು ಅದು ತೋರಿಸಿದ ಕಡೆ ನೋಡಲಿಲ್ಲ. ಹಂಚಿನ ಮನೆ ಸೋರುವುದೊಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆಯಂತೆ. ಮೇಲೆಲ್ಲೋ ಒಂದು ಹಂಚು ಅರ್ಧ ಇಂಚು ಜಾರಿದರೆ ಸಾಕು. ನೀರು ಒಳಗೆ ಬಂದು, ರೀಪು ಹಿಡಿದು, ಅದರ ಕೆಳಗಿನ ಇಳಿಜಾರು ಮರದ, ಅಂದರೆ ಪಕಾಸಿನ, ಪಕ್ಕ ಇಳಿದು, ತನಗೆ ಬೇಕಾದ ಕಡೆ ಹೋಗಿ ಬೀಳುತ್ತದೆ. ಎರಡು ಹಂಚು ಕೂಡುವ ಗಾಡಿಯಲ್ಲಿ, ಅಂದರೆ ಸಂದಿನ ಗೀರಿನಲ್ಲಿ, ಎಲೆ, ಕಸ ಕಟ್ಟಿಕೊಂಡರೂ ಅಷ್ಟೇ. ಹಂಚು ಒಡೆದಿರಲೇಬೇಕು ಅಂತಿಲ್ಲ.

ಜಾರುವುದು ಯಾಕೆ? ಮಂಗಳೂರು ಹಂಚಿಗೆ ಸಾಮಾನ್ಯವಾಗಿ ಮೊಳೆ ಹೊಡೆಯುವುದಿಲ್ಲ. ಬೆನ್ನ ಹಿಂದಿನ ಗಿಣ್ಣು ರೀಪಿಗೆ ತಗುಲಿಸಿ, ಪಕ್ಕದ ಹಂಚಿನ ಅಂಚಿಗೆ ಅಂಚು ಕೂರಿಸಿದರೆ ಮುಗಿಯಿತು. ತನ್ನ ಭಾರದಲ್ಲೇ ಕೂತಿರುತ್ತದೆ. ಈ ವಿಷಯ ಮಂಗಗಳಿಗೂ ಗೊತ್ತು. ಒಮ್ಮೆ ಧರ್ಮಶಾಲೆಗೆ ಹೋಗಿದ್ದಾಗ ನೋಡಿದ್ದೆ, ಅಲ್ಲಿ ಕಾಂಗ್ರಾದ ಮನೆಗಳಿಗೆ ಸ್ಲೇಟು ಕಲ್ಲು ಹೊದಿಸುತ್ತಾರೆ. ನಾವು ಬಳಪದಲ್ಲಿ ಅ ಆ ಬರೆದ ಸ್ಲೇಟಿನ ಜಾತಿಯದೇ ಕಲ್ಲು! ತೂತು ಕೊರೆದು, ಮೊಳೆ ಹೊಡೆದು ಕೂರಿಸುತ್ತಾರೆ. ಮಾಡಿನ, ಅಂದರೆ ಸೂರಿನ, ಮೇಲೆ ಒಂದು ಮಂಗ ಕೂತಿತ್ತು. ಪಾಪ, ಮಾಡಲು ಕೆಲಸವಿಲ್ಲದೆ ಸುಮ್ನೆ ಕೂತಿತ್ತು.

ಮೇಲೆ ಹತ್ತಿದ ಮೇಲೆ ಗೊತ್ತಾಯಿತು, ಪಶ್ಚಿಮದ ಇಳಿಜಾರಿನಲ್ಲಿ ರೀಪೇ ಕೊಳೆತು ಕುಂಬಾಗಿದೆ. ಅಷ್ಟೂ ಹಂಚು ಇಳಿಸಿ, ರೀಪು ಬದಲಿಸಿ, ಮತ್ತೆ ಹೊದಿಸಬೇಕು. ಸುಮಾರು 900 ಹಂಚು. ಒಂದೊಂದು ಹತ್ತಿರ ಹತ್ತಿರ ಎರಡೂವರೆ ಕೆಜಿ. ಅಂದರೆ ಎರಡು ಟನ್ನಿಗೂ ಜಾಸ್ತಿ ಭಾರ ಕೈಯಿಂದ ಕೈಗೆ ಇಳಿಯಬೇಕು, ಕೈಯಿಂದ ಕೈಗೆ ಹತ್ತಬೇಕು.

ಅದನ್ನು ನೋಡಬೇಕು ನೀವು. ಮಾಡಿನ ಅಂಚಿನಲ್ಲಿ ಒಬ್ಬ, ಏಣಿಯ ನಡುವೆ ಒಬ್ಬ, ಅಂಗಳದಲ್ಲಿ ಒಬ್ಬ, ರಾಶಿಯ ಹತ್ತಿರ ಒಬ್ಬ. ಎರಡೆರಡು ಹಂಚು ಒಟ್ಟಿಗೆ ಎಸೆಯುತ್ತಾರೆ. ಎಸೆಯುವವನು ನೋಡುವುದಿಲ್ಲ, ಹಿಡಿಯುವವನು ನೋಡುವುದಿಲ್ಲ. ಇಬ್ಬರೂ ಯಾರದೋ ಗದ್ದೆಯ ಜಗಳದ ಬಗ್ಗೆ ಮಾತಾಡುತ್ತಿರುತ್ತಾರೆ. ನಡುನಡುವೆ "ಭಾವಾ" ಅಂತ ಉದ್ದಕ್ಕೆ ಎಳೆದರೆ ಏಣಿಯವನಿಗೆ. "ಭಾವ್" ಅಂತ ಮೊಟಕಾದರೆ ಅಂಗಳದವನಿಗೆ. ಬರೀ "ಹೋಯ್" ಅಂದರೆ ನನಗೆ, ಅಂದರೆ ಚಾ ತನ್ನಿ ಅಂತ.

ಐದನೆಯವರು ಮಾತ್ರ ಹತ್ತಲೇ ಇಲ್ಲ. ದೊಡ್ಡ ಭಾವ. ಎಪ್ಪತ್ತು ದಾಟಿರಬೇಕು, ಮಂಡಿ ಬಗ್ಗುವುದಿಲ್ಲ. ಜಗಲಿಯ ಅಂಚಿಗೆ ಕೂತು, ಇಳಿದು ಬಂದ ಪ್ರತಿ ಹಂಚನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಟಣ್ ಅಂದರೆ ಬಲಕ್ಕೆ, ದಡ್ ಅಂದರೆ ಎಡಕ್ಕೆ. ಕಣ್ಣಿಗೆ ಕಾಣದ ಬಿರುಕು ದನಿಯಲ್ಲಿ ಸಿಕ್ಕಿಬೀಳುತ್ತದೆ. ಮೊದಲ ದಿನ ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ: ಹಂಚು ತಟ್ಟುವುದಕ್ಕೂ ಪೂರ್ತಿ ಕೂಲಿಯಾ? ಮೇಸ್ತ್ರಿಯನ್ನು ಮೆಲ್ಲಗೆ ಕೇಳಿಯೂ ಬಿಟ್ಟೆ. ಅವನು ನನ್ನನ್ನು ದಡ್ ಅಂದ ಹಂಚಿನ ಹಾಗೆ ನೋಡಿದ. "ನಮ್ಮನ್ನೆಲ್ಲ ಮಾಡು ಹತ್ತಿಸಿದ್ದೇ ಅವ್ರು ಸಾರ್" ಅಂದ. ಅಷ್ಟೇ. ನಾನು ಚಾ ತರಲು ಹೋದೆ.

ಶುಕ್ರವಾರ ಮಧ್ಯಾಹ್ನ ಆ ಅವಾಂತರ ಆಗಿದ್ದು. ಅಂಗಳದ ಭಾವ ನಮಾಜಿಗೆ ಪೇಟೆಗೆ ಹೋದ. ತಕ್ಷಣ ಉಳಿದವರೂ ಕೆಲಸ ನಿಲ್ಲಿಸಿ ನೆರಳಿಗೆ ಕೂತರು. "ಭಾವ ಬರ್ಲಿ." ಪಶ್ಚಿಮದಲ್ಲಿ ಮೋಡ ಕಪ್ಪಗಾಗುತ್ತಿದೆ. ಅರ್ಧ ಮಾಡು ಬೋಳಾಗಿ ಆಕಾಶ ನೋಡುತ್ತಿದೆ. ನನಗೆ ತಡೆಯಲಿಲ್ಲ. "ಅಂಗಳದಲ್ಲಿ ನಾನು ನಿಲ್ತೀನಿ, ಏಳಿ" ಅಂದೆ. ಎಲ್ಲರೂ ದೊಡ್ಡ ಭಾವನ ಮುಖ ನೋಡಿದರು. ಅವರು ಅಮ್ಮನ ಮುಖ ನೋಡಿದರು. ಅಮ್ಮ ಆಕಾಶ ನೋಡಿದರು.

ಮೊದಲ ಇಪ್ಪತ್ತು ಜೊತೆ ಚೆನ್ನಾಗಿಯೇ ಹೋಯಿತು. ಈಗ ಹಂಚು ಹತ್ತಿಸುವ ಸರದಿ. ರಾಶಿಯವನು ನನಗೆ ಎಸೆಯಬೇಕು, ನಾನು ಏಣಿಯವನಿಗೆ. ಕೈಗೆ ಲಯ ಸಿಕ್ಕಿತು. ನನ್ನೊಳಗೂ ಒಬ್ಬ ಕಸಬುದಾರ ಇದ್ದಾನೆ ಅನ್ನಿಸಿತು. ಬೆಂಗಳೂರಿನ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ವ್ಯರ್ಥ ಮಾಡಿದೆ ಅಂತಲೂ ಅನ್ನಿಸಿತು. ಜೋಶ್‌ನಲ್ಲಿ ನಾನೂ ಗದ್ದೆಯ ಜಗಳದ ಬಗ್ಗೆ ಒಂದು ಅಭಿಪ್ರಾಯ ಹೇಳಲು ಬಾಯಿ ತೆಗೆದೆ.

ಆಗ ಹಿಂದಿನಿಂದ "ಭಾವ್" ಅಂತ ಕೇಳಿಸಿತು.

ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡೆ. ಗೇಟಿನ ಕಡೆ ನೋಡಿದೆ, ನಮಾಜಿಗೆ ಹೋದವನು ಬಂದನೇನೋ ಅಂತ. ಆ ಹೊತ್ತಿಗೆ ಅಂಗಳದ ಜಾಗದಲ್ಲಿ ನಿಂತ ಭಾವ ನಾನೇ ಅಂತ ನನಗೆ ಹೊಳೆಯಲಿಲ್ಲ. ಎರಡು ಹಂಚು ನನ್ನ ಮೊಣಕೈ ಸವರಿಕೊಂಡು ಹೋದವು. ಒಂದು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ನಾಲ್ಕು ಚೂರಾಯಿತು. ಇನ್ನೊಂದು ನೇರ ಹೋಗಿ ಅಮ್ಮ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಚಾಪೆಯ ನಟ್ಟನಡುವೆ ಕೂತಿತು. ಅದೃಷ್ಟಕ್ಕೆ ಒಡೆಯಲಿಲ್ಲ. ಹಂಚು ಒಡೆಯಲಿಲ್ಲ ಅಂದೆ. ಹಪ್ಪಳ ಹದಿನೇಳು ಹೋದವು. ಅಮ್ಮ ಓಡಿ ಬಂದು ಮೊದಲು ಹಪ್ಪಳ ಎಣಿಸಿದರು, ಆಮೇಲೆ ನನ್ನ ಮೊಣಕೈ ನೋಡಿದರು. ಏಣಿಯ ಮೇಲಿನವನು ಕೈ ಚಾಚಿಕೊಂಡು ಹಾಗೇ ನಿಂತಿದ್ದ, ಬಸ್ ತಪ್ಪಿಸಿಕೊಂಡವನ ಹಾಗೆ.

ಯಾರೂ ನಗಲಿಲ್ಲ. ಅದೇ ಜಾಸ್ತಿ ಉರಿದಿದ್ದು. ಮೂರು ಜನರೂ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಎಚ್ಚರಿಕೆಯಿಂದ ಮೂರು ದಿಕ್ಕಿಗೆ ತಿರುಗಿ ನಿಂತರು. ಮೇಸ್ತ್ರಿಯ ಬೆನ್ನು ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ದೊಡ್ಡ ಭಾವ ಚಾಪೆಯ ಮೇಲಿನ ಹಂಚನ್ನು ತರಿಸಿಕೊಂಡು, ಹಪ್ಪಳದ ಹಿಟ್ಟು ಒರೆಸಿ, ತಟ್ಟಿ ನೋಡಿದರು. ಟಣ್ ಅಂದಿತು. ಬೆನ್ನು ತಿರುಗಿಸಿ ಅಚ್ಚಿನ ಮೇಲೆ ಬೆರಳಾಡಿಸಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ "ಮಿಷನ್ ಹಂಚು" ಅಂದರು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಶುರು ಮಾಡಿದ ಕಾರ್ಖಾನೆಯ ಹೆಸರು. ಆಮೇಲೆ ಎಷ್ಟೋ ಕಾರ್ಖಾನೆಗಳು ಹುಟ್ಟಿದವು, ಎಷ್ಟೋ ಬಾಗಿಲು ಹಾಕಿದವು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಪಕ್ಕ ಸರಿಯಾಗಿ ಕೂರುವುದಿಲ್ಲ, ಅಚ್ಚು ಚೂರು ಹೆಚ್ಚುಕಮ್ಮಿ. ಅದಕ್ಕೇ ನಮ್ಮ ಕಡೆ ಹಳೆಯ ಹಂಚನ್ನು ಯಾರೂ ಎಸೆಯುವುದಿಲ್ಲ. ಕೊಟ್ಟಿಗೆ ಹಿಂದೆ ರಾಶಿ ಹಾಕಿ, ಚೇಳುಗಳಿಗೆ ಬಾಡಿಗೆ ಕೊಡುತ್ತೇವೆ.

"ಈ ಮಾಡು ನಾನೇ ಹೊದ್ಸಿದ್ದು" ಅಂದರು ದೊಡ್ಡ ಭಾವ, ಹಂಚು ಪಕ್ಕಕ್ಕಿಡುತ್ತಾ. "ಆಗ ನಿಮ್ಮ ಅಪ್ಪಯ್ಯ ಅಲ್ಲೇ ನಿಂತಿದ್ರು. ನೀವು ನಿಂತಲ್ಲೇ. ಎರಡು ದಿನ. ಒಂದೂ ಬೀಳಿಸ್ಲಿಲ್ಲ."

ಅಪ್ಪ ಹೋಗಿ ಒಂಬತ್ತು ವರ್ಷ. ಮೂಗಿನ ತುದಿಗೆ ಕನ್ನಡಕ ಏರಿಸಿ ಪೇಪರ್ ಓದುತ್ತಿದ್ದ ಅಪ್ಪನೇ ನನಗೆ ಗೊತ್ತು. ಹಂಚು ಹಿಡಿಯುವ ಅಪ್ಪ ಗೊತ್ತಿರಲಿಲ್ಲ. "ಅವರನ್ನೂ ನೀವೆಲ್ಲ ಭಾವ ಅಂತ ಕರೀತಿದ್ರಾ?" ಅಂತ ಕೇಳಿದೆ. ದೊಡ್ಡ ಭಾವ ಯೋಚಿಸಿ, "ಮೊದಲ್ನೇ ದಿನ ಅಯ್ಯಾ ಅಂತಿದ್ವಿ" ಅಂದರು. ಎರಡನೇ ದಿನದ್ದು ಹೇಳಲಿಲ್ಲ. ಮತ್ತೊಂದು ಹಂಚು ಎತ್ತಿ ತಟ್ಟಿದರು. ನಮಾಜಿನ ಭಾವ ಬಂದು, ಒಂದು ಮಾತೂ ಕೇಳದೆ, ನಾನು ನಿಂತ ಜಾಗಕ್ಕೆ ಬಂದು ನಿಂತ. ನಾನು ಸರಿದೆ. ಚಾಪೆ ಎತ್ತಿ ಒಳಗಿಟ್ಟೆ. ಸಂಜೆ ಐದಕ್ಕೆ ಮಾಡು ಮುಚ್ಚಿತು, ಐದೂವರೆಗೆ ಮಳೆ ಬಂತು. ಒಂದು ಹನಿ ಒಳಗೆ ಬೀಳಲಿಲ್ಲ. ಐವರೂ ಜಗಲಿಯಲ್ಲಿ ಸಾಲಾಗಿ ಕೂತು, ಮೇಲೆ ನೋಡುತ್ತಾ, ಕೊನೆಯ ಐದು ಲೋಟ ಚಾ ಕುಡಿದರು.

ಅದಾಗಿ ಹದಿನೆಂಟು ದಿನ. ಈಗ ಮೃಗಶಿರ. ಬೆಳಿಗ್ಗೆ ಏಳು ಗಂಟೆಗೆ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ, ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಯಾರದೋ ಮನೆಯ ಮಾಡಿನ ಮೇಲಿದ್ದರು ಅನ್ನಿಸುತ್ತದೆ, ಗಾಳಿಯ ಸದ್ದು ಕೇಳುತ್ತಿತ್ತು.

"ಮತ್ತೆ ಸೋರ್ತಿದೆಯಲ್ಲಪ್ಪ" ಅಂದೆ.

"ಮಂಗ ಬಂದಿತ್ತಾ ಸಾರ್?"

"ರಾತ್ರಿ ಮೂರು ಗಂಟೆಗೆ ಮಂಗ ಯಾಕೆ ಬರುತ್ತೆ?"

"ಹಗಲು ಬಂದಿರುತ್ತೆ ಸಾರ್. ಹನಿ ರಾತ್ರಿ ಬರೋದು."

ಇದಕ್ಕೆ ಏನು ಹೇಳುವುದು? "ಯಾವಾಗ ಬರ್ತೀರಿ ಹೇಳು" ಅಂದೆ.

"ಬರೋದೇ ಸಾರ್. ಭಾವನ ಕೇಳಿ..."

"ಅಲ್ಲೇ ಪಕ್ಕದಲ್ಲಿ ಇರ್ತಾರಲ್ಲ, ಈಗಲೇ ಕೇಳು!"

ಫೋನಿಗೆ ಕೈ ಅಡ್ಡ ಹಿಡಿದ. ಸರಿಯಾಗಿ ಹಿಡಿಯಲಿಲ್ಲ. ದೂರದಿಂದ ಯಾರೋ, "ಯಾರು ಭಾವ ಅದು?" ಅಂದರು.

"ಹಪ್ಪಳದವ್ರು" ಅಂದ ಮೇಸ್ತ್ರಿ.

ಅವತ್ತು ತಡೆದುಕೊಂಡಿದ್ದ ನಗುವನ್ನೆಲ್ಲ ಐದು ಜನರೂ ಒಟ್ಟಿಗೆ ನಕ್ಕರು. ನಾನು ಮಂಚವನ್ನು ಎರಡು ಅಡಿ ಆಚೆ ಎಳೆದು, ಇದ್ದ ಜಾಗಕ್ಕೆ ಕಡುಬಿನ ಪಾತ್ರೆ ಇಟ್ಟೆ. ಅಡುಗೆಮನೆಯಿಂದ ಅಮ್ಮ ಆಗಲೇ ಕೂಗುತ್ತಿದ್ದಾರೆ, ಪಾತ್ರೆ ಎಲ್ಲಿ ಅಂತ.