ಫೆಲ್ ರೇಸಿಗೆ ಹೆಸರು ಕೊಡುವ ಮೊದಲು ಇಳಿಯುವುದನ್ನು ಕಲಿಯಿರಿ

ಮ್ಯಾಂಚೆಸ್ಟರ್, ಲೀಡ್ಸ್ ಕಡೆ ಇದ್ದುಕೊಂಡು, ಒಂದೆರಡು ಹಾಫ್ ಮ್ಯಾರಥಾನ್ ಮುಗಿಸಿ, ಈಗ ಲೇಕ್ ಡಿಸ್ಟ್ರಿಕ್ಟಿನ ಫೆಲ್ ರೇಸು, ಅಂದರೆ ಗುಡ್ಡ ಹತ್ತಿ ಇಳಿಯುವ ಓಟ, ಓಡಬೇಕು ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸಬರ ತಯಾರಿಯೆಲ್ಲ ಏರುವುದರ ಮೇಲೇ ಇರುತ್ತದೆ. ಆದರೆ ಕಾಲು ಕೈಕೊಡುವುದು, ಬೀಳುವುದು, ದಾರಿ ತಪ್ಪುವುದು ಹೆಚ್ಚಾಗಿ ಇಳಿಯುವಾಗ.

ಮೊದಲು ರೇಸಿನ ದರ್ಜೆ ನೋಡಿ. ಎ ದರ್ಜೆ ಎಂದರೆ ಕಿಲೋಮೀಟರಿಗೆ ಕನಿಷ್ಠ 50 ಮೀಟರ್ ಏರು, ಬಿ ಎಂದರೆ 25, ಸಿ ಎಂದರೆ 20. ಜೊತೆಗಿರುವ ಎಸ್, ಎಂ, ಎಲ್ ದೂರದ ಗುರುತು: 10 ಕಿ.ಮೀ.ವರೆಗೆ, 10ರಿಂದ 20, 20ಕ್ಕಿಂತ ಹೆಚ್ಚು. ಮೊದಲ ರೇಸಿಗೆ ಸಿಎಸ್ ಅಥವಾ ಬಿಎಸ್ ಸಾಕು. ರಸ್ತೆಯ ವೇಗದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರತಿ 100 ಮೀಟರ್ ಏರಿಗೆ ಸುಮಾರು 800 ಮೀಟರ್ ಸಮತಟ್ಟು ಓಟ ಸೇರಿಸಿಕೊಳ್ಳಿ. 15 ಕಿ.ಮೀ., 900 ಮೀಟರ್ ಏರಿನ ರೇಸು ಕಾಲಿಗೆ 22 ಕಿ.ಮೀ. ಇದ್ದ ಹಾಗೆ.

ಏರಿನ ಬಗ್ಗೆ ಹೇಳುವುದು ಕಡಿಮೆ. ಕಡಿದಾದ ಕಡೆ ನಡೆಯಿರಿ, ನುರಿತವರೂ ನಡೆಯುತ್ತಾರೆ. ಕೈಯಿಂದ ಮಂಡಿಯ ಮೇಲಿನ ತೊಡೆಯನ್ನು ಒತ್ತುತ್ತ ಸಣ್ಣ ಹೆಜ್ಜೆ ಹಾಕಿ. ತುದಿ ತಲುಪಿದ ಮೇಲೂ ಓಡುವಷ್ಟು ಉಸಿರು ಉಳಿದಿರಬೇಕು.

ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಪೆಟ್ಟಾಗುತ್ತದೆ. ಅದಕ್ಕೇ ಎರಡನೇ ದಿನ ಮೆಟ್ಟಿಲಿಳಿಯಲು ಆಗದಷ್ಟು ನೋವು. ಒಮ್ಮೆ ಹೀಗೆ ದುಡಿದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಗಾಗಿ ವಾರಕ್ಕೊಮ್ಮೆ, 60-80 ಮೀಟರ್ ಎತ್ತರದ ಹುಲ್ಲಿನ ಇಳಿಜಾರು ಹುಡುಕಿ, ನಿಧಾನವಾಗಿ ಹತ್ತಿ, ವೇಗವಾಗಿ ಇಳಿಯಿರಿ. ನಾಲ್ಕು ಸಲದಿಂದ ಶುರುಮಾಡಿ ಎಂಟಕ್ಕೆ ಏರಿಸಿ. ಕೊನೆಯ ಜೋರು ಇಳಿತ ರೇಸಿಗೆ ಹತ್ತು ದಿನ ಮೊದಲೇ ಮುಗಿದಿರಲಿ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಪಳಗಿದವರಿಗೆ ದಮ್ಮು ಇರುತ್ತದೆ, ಆದರೆ ಪ್ರತಿ ಹೆಜ್ಜೆಗೂ ನೆಲ ಬದಲಾಗುವುದು ಅವರಿಗೂ ಹೊಸದೇ.

ಹೆದರಿದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಆಗ ಹಿಮ್ಮಡಿ ಮೊದಲು ನೆಲಕ್ಕೆ ತಾಗಿ, ಒದ್ದೆ ಹುಲ್ಲಿನಲ್ಲಿ ಪಾದ ಮುಂದಕ್ಕೆ ಜಾರಿ, ಕುಂಡೆ ಮೇಲೆ ಬೀಳುತ್ತೀರಿ. ಸೊಂಟ ಪಾದದ ಮೇಲೇ ಇರಲಿ, ಹೆಜ್ಜೆ ಚಿಕ್ಕದಾಗಿ ಚುರುಕಾಗಿರಲಿ, ತೋಳು ಅಗಲವಾಗಿರಲಿ, ಕಣ್ಣು ಮೂರ್ನಾಲ್ಕು ಹೆಜ್ಜೆ ಮುಂದಿರಲಿ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಮಾತ್ರ ಹಿಮ್ಮಡಿ ಊರಿ ಕಲ್ಲಿನ ಜೊತೆ ಜಾರಬಹುದು. ಬೇಸಿಗೆಯಲ್ಲಿ ಎದೆಮಟ್ಟ ಬೆಳೆಯುವ ಜರೀಗಿಡದ ಕೆಳಗೆ ಕಲ್ಲು, ಗುಂಡಿ ಕಾಣುವುದಿಲ್ಲ, ಅಲ್ಲಿ ವೇಗ ಇಳಿಸಿ. ಶೂ ಅಡಿಯ 8 ಮಿ.ಮೀ. ರಬ್ಬರ್ ಗುಬುಟುಗಳು ಕೆಸರು, ಹುಲ್ಲಿಗೆ ಚೆನ್ನ, ಒದ್ದೆ ಬಂಡೆ ಮೇಲೆ ನಂಬಬೇಡಿ. ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡದಿದ್ದರೆ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ.

ಇನ್ನು ನಕಾಶೆ. ಅನೇಕ ರೇಸುಗಳಲ್ಲಿ ಚೆಕ್‌ಪಾಯಿಂಟುಗಳ ನಡುವೆ ಗುರುತು ಹಾಕಿರುವುದಿಲ್ಲ, ದಾರಿ ನಿಮ್ಮ ಆಯ್ಕೆ. ಮುಂದಿನವರ ಬೆನ್ನು ಹಿಡಿದು ಹೋಗುವುದು ತುಂಬ ಕೆಟ್ಟ ಅಭ್ಯಾಸ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಅವರಿಗೂ ದಾರಿ ಗೊತ್ತಿಲ್ಲದಿರಬಹುದು. ಲೇಕ್ ಡಿಸ್ಟ್ರಿಕ್ಟಿನ ಕಣಿವೆಗಳು ಗಾಡಿಚಕ್ರದ ಅರಗಳಂತೆ ನಡುವಿನಿಂದ ಸುತ್ತಲೂ ಹರಡಿವೆ. 978 ಮೀಟರಿನ ಸ್ಕಾಫೆಲ್ ಪೈಕ್ ಮೇಲೆ ಮಂಜಿನಲ್ಲಿ ದಿಕ್ಕು ತಪ್ಪಿದರೆ ವಾಸ್‌ಡೇಲ್ ಬದಲು ಎಸ್ಕ್‌ಡೇಲಿಗೆ ಇಳಿದಿರುತ್ತೀರಿ. ವಾಪಸ್ ಬರಲು ಒಂದೋ ಮತ್ತೆ ಬೆಟ್ಟ ಹತ್ತಬೇಕು, ಇಲ್ಲ ಕಾರಿನಲ್ಲಿ ಸುತ್ತುಬಳಸಿ ಬರಬೇಕು.

ದಿಕ್ಸೂಚಿಯ ಅಂಚನ್ನು ನಕಾಶೆಯಲ್ಲಿ ನಿಂತ ಜಾಗದಿಂದ ಹೋಗಬೇಕಾದ ಜಾಗಕ್ಕೆ ಇಡಿ. ತಳದ ಮೇಲಿನ ಬಾಣ ಹೋಗುವ ಕಡೆಗಿರಲಿ. ಮುಳ್ಳಿನ ಸುತ್ತ ತಿರುಗುವ ಬಿಲ್ಲೆಯ ಒಳಗೆರೆಗಳು ನಕಾಶೆಯ ಉತ್ತರಕ್ಕೆ ಹೊಂದುವಂತೆ ಅದನ್ನು ತಿರುಗಿಸಿ. ಈಗ ದಿಕ್ಸೂಚಿಯನ್ನು ಎದೆಯ ಮುಂದೆ ಹಿಡಿದು, ಕೆಂಪು ಮುಳ್ಳು ಬಿಲ್ಲೆಯ ಉತ್ತರದ ಗುರುತಿಗೆ ಬರುವವರೆಗೆ ನೀವೇ ತಿರುಗಿ. ಬಿಲ್ಲೆಯ ಉತ್ತರವನ್ನು ನಕಾಶೆಯ ದಕ್ಷಿಣಕ್ಕೆ ಇಟ್ಟುಬಿಡುವುದು ಸಾಮಾನ್ಯ ತಪ್ಪು. ಆಗ ನೇರ ವಿರುದ್ಧ ದಿಕ್ಕಿಗೆ ಹೊರಟಿರುತ್ತೀರಿ. ಇದನ್ನು ಬಿಸಿಲಿನ ದಿನವೇ ಕೈಗೆ ರೂಢಿ ಮಾಡಿಕೊಳ್ಳಿ.

ಮೈಪೂರ್ತಿ ಮುಚ್ಚುವ ಮಳೆ ಅಂಗಿ-ಪ್ಯಾಂಟು, ಟೋಪಿ, ಗ್ಲೌಸು, ನಕಾಶೆ, ದಿಕ್ಸೂಚಿ, ಸೀಟಿ, ಮುಟ್ಟದೆ ಉಳಿಸಿಕೊಳ್ಳುವ ಸ್ವಲ್ಪ ತಿಂಡಿ. ಕೆಳಗೆ ಬಿಸಿಲಿದ್ದರೂ ಇವನ್ನು ಬಿಡಬೇಡಿ. 100 ಮೀಟರ್ ಏರಿದರೆ ಸುಮಾರು 0.65 ಡಿಗ್ರಿ ತಂಪು. ಕಣಿವೆಯಲ್ಲಿ 14 ಇದ್ದರೆ 800 ಮೀಟರ್ ಮೇಲೆ 9ರ ಆಸುಪಾಸು, ಮೇಲೆ ಗಾಳಿ, ಬೆವರಿನಿಂದ ಒದ್ದೆಯಾದ ಬನಿಯನ್. ಓಡುವಷ್ಟು ಹೊತ್ತು ಮೈ ಬೆಚ್ಚಗಿರುತ್ತದೆ. ಕಾಲು ಉಳುಕಿ ನಿಂತಿರೋ, ಶಾಖ ಬೇಗ ಇಳಿಯುತ್ತದೆ. ಚಳಿಯಾದ ಮೇಲೆ ಹಾಕಿಕೊಳ್ಳೋಣ ಎಂದರೆ ಮರಗಟ್ಟಿದ ಬೆರಳಿಗೆ ಜಿಪ್ಪು ಸಿಗುವುದಿಲ್ಲ. ಗಾಳಿಗೆ ತೆರೆದ ದಿಣ್ಣೆ ಮುಟ್ಟುವ ಮೊದಲೇ ಹಾಕಿಕೊಳ್ಳಿ. ಜೊತೆಯವರ ಮಾತು ತೊದಲಿದರೆ, ಕಾಲು ತಡವರಿಸಿದರೆ ರೇಸು ಬಿಟ್ಟು ಅವರ ಜೊತೆ ನಿಲ್ಲಿ. ನೆರವಿಗೆ ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು.

ಅರ್ಧಕ್ಕೆ ಬಿಟ್ಟರೆ ಸೀದಾ ಮನೆಗೆ ಹೋಗಬೇಡಿ. ಚೆಕ್‌ಪಾಯಿಂಟಿನಲ್ಲಿ ತಿಳಿಸಿ, ಆಮೇಲೆ ಮುಕ್ತಾಯದ ಜಾಗಕ್ಕೂ ಬಂದು ನಿಮ್ಮ ನಂಬರ್ ಹೇಳಿ. ಲೆಕ್ಕದಲ್ಲಿ ಒಬ್ಬರು ಕಡಿಮೆಯಾದರೂ ಮೌಂಟನ್ ರೆಸ್ಕ್ಯೂ ಸ್ವಯಂಸೇವಕರು ಕತ್ತಲಲ್ಲಿ ಗುಡ್ಡ ಹತ್ತಿ ಹುಡುಕಬೇಕಾಗುತ್ತದೆ.